ಐದನೇ ಮಹಡಿಯ ನಾಲ್ಕು ಗಂಟೆ ಗಾಡಿ

ನನ್ನ ದೊಡ್ಡಮ್ಮ ಇಪ್ಪತ್ತೊಂಬತ್ತು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದಳು. ಅವಳ ಡಿಪೋದಲ್ಲಿ ಆ ಕೆಲಸಕ್ಕೆ ಸೇರಿದ ಮೊದಲ ಹೆಂಗಸು ಅವಳೇ. ಆಗ ಹೆಂಗಸರ ಅಳತೆಯ ಸಮವಸ್ತ್ರವೇ ಅಲ್ಲಿರಲಿಲ್ಲ. ಉಗ್ರಾಣದವರು ಕೊಟ್ಟ ಗಂಡಸರ ಅಂಗಿಯನ್ನು ಟೈಲರ್ ಆಗಿದ್ದ ದೊಡ್ಡಪ್ಪ ಒಂದೇ ಸಂಜೆಯಲ್ಲಿ ಬಿಚ್ಚಿ, ಕತ್ತರಿಸಿ, ಹೊಸದಾಗಿ ಹೊಲಿದುಕೊಟ್ಟರು. ಮಾರನೆಯ ಬೆಳಿಗ್ಗೆ ಅವಳನ್ನು ನೋಡಿದ ಡ್ರೈವರ್, "ಇವತ್ತು ಗಾಡಿ ಹೊರಟ ಹಾಗೇ" ಎಂದನಂತೆ. "ಅಣ್ಣ, ನೀವು ಮುಂದೆ ನೋಡ್ಕೊಳ್ಳಿ, ಹಿಂದೆ ಏನಾಗುತ್ತೆ ಅನ್ನೋದು ನನಗೆ ಬಿಡಿ" ಎಂದು ದೊಡ್ಡಮ್ಮ ಹೇಳಿ ಹತ್ತಿದಳಂತೆ. ಮುಂದೆ ಹನ್ನೊಂದು ವರ್ಷ ಅದೇ ಡ್ರೈವರ್, ಅವಳ ಜೊತೆಗೇ ಡ್ಯೂಟಿ ಹಾಕಿ ಎಂದು ಕೇಳಿ ಹಾಕಿಸಿಕೊಳ್ಳುತ್ತಿದ್ದ.

ಅವಳ ಕೆಲಸವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹಳ್ಳಿಯಿಂದ ಪಟ್ಟಣದ ಶಾಲೆಗೂ ಆಮೇಲೆ ಕಾಲೇಜಿಗೂ ನಾನು ಹೋಗಿದ್ದು ಅವಳ ಬಸ್ಸಿನಲ್ಲೇ. ಬಸ್ಸು ಕಿಕ್ಕಿರಿದಾಗ ಬೇರೆ ಕಂಡಕ್ಟರುಗಳು "ಎಲ್ಲಾ ಒಳಗೆ ಹೋಗಿ, ಒಳಗೆ ಹೋಗಿ" ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಒಬ್ಬರೂ ಅಲುಗುತ್ತಿರಲಿಲ್ಲ. ದೊಡ್ಡಮ್ಮ ಹಾಗೆ ಕೂಗಿದವಳಲ್ಲ. "ನೀಲಿ ಅಂಗಿಯ ಅಣ್ಣ, ಆ ಕಂಬದ ಪಕ್ಕ ನಿಮಗೆ ಜಾಗ ಇದೆ. ಕನ್ನಡಕದ ಅಕ್ಕ, ನೀವು ಮೂರನೇ ಸೀಟಿನ ಹತ್ತಿರ ನಿಲ್ಲಿ, ಅಲ್ಲಿರೋರು ಮುಂದಿನ ಸ್ಟಾಪಲ್ಲಿ ಇಳೀತಾರೆ." ಇಬ್ಬರು ಸರಿದರೆ ಸಾಕು, ಇಡೀ ಬಸ್ಸು ಜರುಗುತ್ತಿತ್ತು. ಒಮ್ಮೆ ಟಿಕೆಟ್ ಕೊಟ್ಟ ಮುಖವನ್ನು ಅವಳು ಮರೆಯುತ್ತಿರಲಿಲ್ಲ. ಚಹಾಕ್ಕೆಂದು ಬಸ್ಸು ನಿಲ್ಲಿಸಿದಾಗ, ಪಟ್ಟಿ ಗಿಟ್ಟಿ ನೋಡದೆ ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣಾಡಿಸಿ, "ಕೆಂಪು ಚೀಲದವರು ಇನ್ನೂ ಬಂದಿಲ್ಲ" ಎನ್ನುತ್ತಿದ್ದಳು. ಅವರು ಬಂದ ಮೇಲೆಯೇ ರೈಟ್.

ಇನ್ನೊಂದು ಅಭ್ಯಾಸವೂ ಇತ್ತು. ಬಸ್ಸು ಎಷ್ಟು ಹೊತ್ತಿಗೆ ಎಂದು ಯಾರೇ ಕೇಳಲಿ, ಅವಳು ಹತ್ತು ಹದಿನೈದು ನಿಮಿಷ ಮುಂಚಿನ ಸಮಯವನ್ನೇ ಹೇಳುತ್ತಿದ್ದಳು. ಒಂದೂವರೆಯ ಬಸ್ಸು ಅವಳ ಬಾಯಲ್ಲಿ ಒಂದೂಕಾಲಿನ ಬಸ್ಸು. ಆ ದಾರಿಯ ಜನ "ಈ ಗಾಡಿ ದಿನಾ ತಡ" ಎಂದು ಬೈದುಕೊಂಡೇ ಹತ್ತುತ್ತಿದ್ದರು. ಆದರೆ ಬಸ್ಸು ತಪ್ಪಿಸಿಕೊಂಡವರು ಮಾತ್ರ ಯಾರೂ ಇರಲಿಲ್ಲ.

ಅವಳು ನಿವೃತ್ತಳಾದ ದಿನ ಡಿಪೋದ ಕ್ಯಾಂಟೀನಿನಲ್ಲಿ ಬೀಳ್ಕೊಡುಗೆ ಇಟ್ಟಿದ್ದರು. ಅವತ್ತೇ ಎಲ್ಲೋ ಸೇತುವೆ ರಿಪೇರಿ ಎಂದು ಬಸ್ಸುಗಳನ್ನು ಬೇರೆ ದಾರಿಗೆ ತಿರುಗಿಸಿದ್ದರು. ಬೆಳಗಿನ ಪಾಳಿಯವರು ದಾರಿಯಲ್ಲೇ ಸಿಕ್ಕಿಬಿದ್ದರು, ಮಧ್ಯಾಹ್ನದವರು ಅವಸರದಲ್ಲಿ ಹೊರಟುಹೋದರು. ಬಂದವರು ಆರು ಜನ. ಅದರಲ್ಲಿ ಒಬ್ಬರು ಕ್ಯಾಂಟೀನಿನ ಅಡುಗೆಯವರು. ದೊಡ್ಡಮ್ಮ ನಗುತ್ತಲೇ ಚಹಾ ಕುಡಿದು, ಎಲ್ಲರಿಗೂ ಕೈಮುಗಿದು ಮನೆಗೆ ಬಂದಳು. ಹೇಗಾಯಿತು ಎಂದು ಅಮ್ಮ ಕೇಳಿದಾಗ "ಚೆನ್ನಾಗಾಯ್ತು" ಎಂದಳು. ಆ ಆರರ ಲೆಕ್ಕ ನನಗೆ ಗೊತ್ತಾಗಿದ್ದು ಎರಡು ವರ್ಷದ ಮೇಲೆ, ಹಡಗಿನಲ್ಲಿ.

ಹಡಗಿನ ಕತೆ ಹೀಗೆ. ನಾನು ಕೆಲಸ ಮಾಡುವ ಹಾಲಿನ ಡೇರಿಯಲ್ಲಿ ವರ್ಷಕ್ಕೊಮ್ಮೆ ನೌಕರರ ಹೆಸರಿನ ಚೀಟಿ ಎತ್ತುತ್ತಾರೆ. ಆ ವರ್ಷ ನನ್ನ ಹೆಸರು ಬಂತು. ಬಹುಮಾನ, ವಿಹಾರದ ಹಡಗಿನಲ್ಲಿ ಇಬ್ಬರಿಗೆ ಐದು ದಿನದ ಪ್ರಯಾಣ. ಅಮ್ಮನಿಗೆ ಬಾವಿ ಇಣುಕಿದರೂ ಎದೆ ಡವಗುಟ್ಟುತ್ತದೆ. ದೊಡ್ಡಪ್ಪನಿಗೆ ಉಯ್ಯಾಲೆಯ ಮೇಲೆ ಕೂತರೂ ತಲೆಸುತ್ತು. ದೊಡ್ಡಮ್ಮ ಮಾತ್ರ, "ಚಕ್ರ ಇಲ್ಲದ ಗಾಡಿ ಹೇಗಿರುತ್ತೆ ನೋಡೇಬಿಡೋಣ" ಎಂದು ಚೀಲ ಕಟ್ಟಿದಳು.

ಹನ್ನೆರಡು ಮಹಡಿಯ ಹಡಗು, ಎರಡು ಸಾವಿರ ಜನ. ನಮ್ಮದು ಕಿಟಕಿಯಿಲ್ಲದ ಕೋಣೆ. ಎರಡು ಮಂಚ, ಒಂದು ಕನ್ನಡಿ, ಮೇಜಿನ ಮೇಲೆ ಹಡಗಿನ ಚಿತ್ರವಿದ್ದ ಬರೆಯುವ ಕಾಗದದ ಪ್ಯಾಡು. ದೊಡ್ಡಮ್ಮ ಮೊದಲ ದಿನವೇ ಹಡಗನ್ನು ಮೇಲಿನಿಂದ ಕೆಳಗಿನವರೆಗೆ ಸುತ್ತಿ ಬಂದಳು. ಈಜುಕೊಳ, ಆಟದ ಕೋಣೆ, ಊಟದ ಸಭಾಂಗಣ ಎಲ್ಲವೂ ಅವಳಿಗೆ ಹಿಡಿಸಿದವು. ಹಿಡಿಸದೆ ಇದ್ದದ್ದು ಲಿಫ್ಟು. ಒಂಬತ್ತು ಜನ ಒಳಗಿದ್ದರೂ ಎಲ್ಲರೂ ಬಾಗಿಲ ಮೇಲೆ ಬದಲಾಗುವ ಅಂಕಿಯನ್ನೇ ನೋಡುತ್ತಿದ್ದರು. ಅವಳು ಪಕ್ಕದವರನ್ನು, "ಯಾವ ಕಡೆಯೋರು?" ಎಂದು ಕೇಳಿದಳು. ಅವರು ಮುಗುಳ್ನಕ್ಕು, ಈಗಾಗಲೇ ಒತ್ತಿದ್ದ ಗುಂಡಿಯನ್ನೇ ಇನ್ನೊಮ್ಮೆ ಒತ್ತಿದರು.

ಸಂಜೆ ಮೇಲಿನ ಮಹಡಿಯ ಕಟಕಟೆಗೆ ಒರಗಿ ನಿಂತಾಗ ಅವಳು ಹೇಳಿದಳು, "ಬಸ್ಸಲ್ಲಿ ಅರ್ಧ ಗಂಟೆ ಪಕ್ಕ ಕೂತವರು ಮಗಳ ಹೆರಿಗೆ ವಿಷಯದ ತನಕ ಹೇಳ್ತಾರೆ. ಇಲ್ಲಿ ಐದು ದಿನ ಒಂದೇ ಗಾಡಿ. ಯಾರಿಗೆ ಯಾರೂ ಅಲ್ಲ. ಇವರನ್ನೆಲ್ಲ ಒಂದು ಕಡೆ ಕೂರಿಸ್ಬೇಕು ಕಣೇ."

"ನಿನಗ್ಯಾಕೆ ದೊಡ್ಡಮ್ಮ ಇಲ್ಲದ ಉಸಾಬರಿ? ರಜಾ ಅಂತ ಬಂದಿದ್ದೀಯ, ಆರಾಮಾಗಿರು."

ಆಗ ಅವಳು ಬೀಳ್ಕೊಡುಗೆಗೆ ಬಂದಿದ್ದ ಆರು ಜನರ ವಿಷಯ ಹೇಳಿದಳು. ಅಳಲಿಲ್ಲ, ದೂರಲೂ ಇಲ್ಲ. ಯಾವುದೋ ಟ್ರಿಪ್ಪಿನ ವರದಿ ಕೊಡುವ ಹಾಗೆ ಹೇಳಿ ಮುಗಿಸಿ, "ಬ್ಯಾಗು ಹೆಗಲಿಗಿದ್ದಷ್ಟು ದಿನ ಜನ ನನ್ನ ಮಾತು ಕೇಳಿದ್ರು. ಕೂತ್ಕೊಳ್ಳಿ ಅಂದ್ರೆ ಕೂತ್ರು, ಸರೀರಿ ಅಂದ್ರೆ ಸರಿದ್ರು. ಅದು ಬ್ಯಾಗಿನ ಮಾತಾಗಿತ್ತೋ ನನ್ನ ಮಾತಾಗಿತ್ತೋ, ನನಗೆ ಗೊತ್ತಾಗ್ಬೇಕು. ಬರೀ ನಾನು ಕರೆದ್ರೆ ಎಷ್ಟು ಜನ ಬರ್ತಾರೆ ನೋಡ್ಬೇಕು" ಎಂದಳು.

ಆಮೇಲೆ ಊಟಕ್ಕೆ ನಡಿ ಎಂದು ಮುಂದೆ ಹೊರಟಳು.

ಮರುದಿನ ಬೆಳಿಗ್ಗೆ ಕಾರ್ಯಕ್ರಮಗಳ ಕೌಂಟರಿಗೆ ಹೋದೆವು. ಅಲ್ಲಿದ್ದ ಹುಡುಗಿ ಅಚ್ಚುಕಟ್ಟಾದ ಕೋಟು ತೊಟ್ಟು, ಕೈಯಲ್ಲೊಂದು ಪಟ್ಟಿ ಹಿಡಿದು ಯಾವಾಗಲೂ ಓಡಾಡುತ್ತಿರುತ್ತಿದ್ದಳು.

"ಇಲ್ಲಿ ಒಂದು ಹಾಲ್ ಸಿಗುತ್ತೇನಮ್ಮ?" ದೊಡ್ಡಮ್ಮ ಕೇಳಿದಳು.

"ಹುಟ್ಟುಹಬ್ಬವಾ ಮೇಡಂ?"

"ಅಲ್ಲ. ಜನ ಒಬ್ಬರನ್ನೊಬ್ಬರು ಮಾತಾಡ್ಸೋಕೆ."

"ಮಾತಾಡೋಕೆ ಹಾಲ್ ಯಾಕೆ ಮೇಡಂ?"

"ಹಾಲ್ ಇಲ್ಲದೆ ನಿನ್ನೆಯಿಂದ ನೋಡ್ತಿದ್ದೀನಿ. ಒಬ್ಬರೂ ಮಾತಾಡ್ತಿಲ್ಲ."

ಹುಡುಗಿಗೆ ನಗು ಬಂತು. ಪಟ್ಟಿ ನೋಡಿ ಹೇಳಿದಳು, "ಐದನೇ ಮಹಡಿಯ ಸಣ್ಣ ಹಾಲ್ ನಾಳೆ ನಾಲ್ಕರಿಂದ ಐದರ ತನಕ ಖಾಲಿ ಇದೆ. ಚಹಾ ಬಿಸ್ಕತ್ತು ನಮ್ಮದೇ. ಆದ್ರೆ ಒಂದು ನಿಯಮ. ನಾಲ್ಕೂಹತ್ತಕ್ಕೆ ನಾನು ಬಂದು ತಲೆ ಎಣಿಸ್ತೀನಿ. ಇಪ್ಪತ್ತೈದು ಇರ್ಬೇಕು. ಒಂದು ಕಡಿಮೆ ಇದ್ರೂ ಹಾಲ್ ಮುಂದಿನವರಿಗೆ ಹೋಗುತ್ತೆ."

"ಮುಂದಿನವರು ಯಾರು?"

"ಇಸ್ಪೀಟ್ ಆಡೋರು. ದಿನಾ ಬಂದು ಕೇಳ್ತಾರೆ."

ಹುಡುಗಿ ಕೊಟ್ಟ ದೊಡ್ಡ ಹಾಳೆಯ ಮೇಲೆ ನಾನು ದುಂಡಾದ ಅಕ್ಷರದಲ್ಲಿ ಬರೆದೆ: ಸಹಪ್ರಯಾಣಿಕರ ಪರಿಚಯ ಕೂಟ, ಎಲ್ಲರಿಗೂ ಆದರದ ಸ್ವಾಗತ. ಕೆಳಗೆ ಹೆಸರು ಬರೆಯಲು ಗೆರೆ ಹಾಕಿ, ಪೆನ್ನಿಗೆ ದಾರ ಕಟ್ಟಿ, ಕೌಂಟರಿನ ಪಕ್ಕ ಅಂಟಿಸಿದೆವು. ಸಂಜೆ ಹೋಗಿ ನೋಡಿದರೆ ಮೂರು ಹೆಸರಿದ್ದವು. ಒಂದು ದೊಡ್ಡಮ್ಮನದು, ಒಂದು ನನ್ನದು. ಮೂರನೆಯದನ್ನು ಯಾರೋ ತುಂಟರು "ಸಮುದ್ರರಾಜ, ಕೋಣೆ ಸಂಖ್ಯೆ ಸೊನ್ನೆ" ಎಂದು ಬರೆದಿದ್ದರು. ಪೆನ್ನು ಮಾಯವಾಗಿತ್ತು, ದಾರ ಮಾತ್ರ ನೇತಾಡುತ್ತಿತ್ತು.

ಬಿಟ್ಟುಬಿಡೋಣ ಎಂದು ನಾನು ಹೇಳುವುದರಲ್ಲಿದ್ದೆ. ದೊಡ್ಡಮ್ಮ ಹಾಳೆಯನ್ನು ನೋಡುತ್ತಾ, "ತಪ್ಪು ನಮ್ಮದೇ" ಎಂದಳು. "ಎಲ್ಲರಿಗೂ ಅಂತ ಬರೆದ್ಯಲ್ಲ, ಆ ಎಲ್ಲರಲ್ಲಿ ತಾನು ಸೇರಿಲ್ಲ ಅಂತ ಪ್ರತಿಯೊಬ್ಬರೂ ಅಂದ್ಕೋತಾರೆ. ಬಸ್ಸಲ್ಲಿ ಮಾಡದ ಕೆಲಸ ಹಡಗಲ್ಲಿ ಯಾಕೆ ಮಾಡಿದ್ನೋ ನಾನು. ಆ ಪ್ಯಾಡು ತಗೋ."

ಮೂರನೆಯ ದಿನ ಬೆಳಿಗ್ಗೆ ನಮ್ಮ ಕೋಣೆಯಲ್ಲಿ ಟಿಕೆಟು ತಯಾರಾದವು. ಕಾಗದವನ್ನು ಅವಳು ಹಲ್ಲುಜ್ಜುವ ಬ್ರಷ್ಷಿನ ಹಿಡಿಯಿಂದ ನೇರವಾಗಿ ಗೀರಿ ಹರಿದು ಕೊಟ್ಟಳು, ನಾನು ಬರೆದೆ. ಸಣ್ಣ ಹಾಲಿನಲ್ಲಿ ಎಂಟು ದುಂಡು ಮೇಜು, ಮೇಜಿಗೆ ಐದು ಕುರ್ಚಿ. ಪ್ರತಿ ಟಿಕೆಟಿನ ಮೇಲೂ ಮಹಡಿ, ಮೇಜಿನ ಸಂಖ್ಯೆ, ಸೀಟಿನ ಸಂಖ್ಯೆ.

"ಟೈಮು ಮೂರೂಮುಕ್ಕಾಲು ಅಂತ ಬರಿ."

"ನಾಲ್ಕಕ್ಕಲ್ವಾ ದೊಡ್ಡಮ್ಮ?"

"ನಾಲ್ಕು ಅಂದ್ರೆ ನಾಲ್ಕೂಕಾಲಿಗೆ ಬರ್ತಾರೆ. ನಾಲ್ಕೂಹತ್ತಕ್ಕೆ ತಲೆ ಎಣಿಕೆ ಇದೆ. ಇಪ್ಪತ್ತೊಂಬತ್ತು ವರ್ಷ ನೋಡಿದ್ದೀನಿ ಕಣೇ, ಬರಿ."

ಬರೆದೆ.

ಹತ್ತು ಗಂಟೆಗೆ ಅವಳು ಹೊರಟಳು. ಮೊದಲ ಬೋಣಿ ಲಿಫ್ಟಿನಲ್ಲೇ ಆಯಿತು. ಗಂಭೀರವಾಗಿ ಅಂಕಿ ನೋಡುತ್ತಿದ್ದ, ಹಸಿರು ಟೋಪಿ ಹಾಕಿದ್ದ ಒಬ್ಬರ ಕೈಗೆ ಟಿಕೆಟು ಇಟ್ಟು, "ನಿಮ್ಮದು ನಾಲ್ಕನೇ ಮೇಜು, ಎರಡನೇ ಸೀಟು" ಎಂದಳು.

"ಏನಿದು?"

"ಪರಿಚಯದ ಕೂಟ. ಇವತ್ತು, ಐದನೇ ಮಹಡಿ."

"ನಾನ್ಯಾರು ಅಂತ ಗೊತ್ತಾ ನಿಮಗೆ?"

"ಗೊತ್ತಿಲ್ಲ. ಅದಕ್ಕೇ ಬನ್ನಿ ಅಂತಿರೋದು."

ಅವರ ತುಟಿಯಂಚು ಸಡಿಲವಾಯಿತು. ತಾನು ಹಲ್ಲಿನ ಡಾಕ್ಟರು ಎಂದರು. ದೊಡ್ಡಮ್ಮ ತಕ್ಷಣ ಟಿಕೆಟು ವಾಪಸು ಇಸಿದುಕೊಂಡು, ನಾಲ್ಕನ್ನು ಹೊಡೆದು ಎರಡು ಎಂದು ಬರೆದಳು. "ಎರಡನೇ ಮೇಜಲ್ಲಿ ಕೇಕ್ ಮಾಡೋ ಅಕ್ಕ ಒಬ್ಬರು ಬರ್ತಾರೆ. ಅವರು ಕೆಡಿಸ್ತಾರೆ, ನೀವು ಸರಿ ಮಾಡ್ತೀರಿ. ಮಾತಿಗೇನೂ ಬರ ಇರಲ್ಲ." ಕೇಕ್ ಮಾಡುವ ಅಕ್ಕ ಇನ್ನೂ ಸಿಕ್ಕಿರಲಿಲ್ಲ. ಹಿಂದಿನ ದಿನ ತಿಂಡಿಯ ಮೇಜಿನಲ್ಲಿ ಒಬ್ಬಾಕೆ ಅಲ್ಲಿನ ಕೇಕನ್ನು ಬೆರಳಲ್ಲಿ ಒತ್ತಿ ನೋಡಿ ಮುಖ ಸಿಂಡರಿಸಿದ್ದನ್ನು ದೊಡ್ಡಮ್ಮ ಕಂಡಿದ್ದಳು. ಅಷ್ಟೇ ಆಧಾರ. ಅರ್ಧ ಗಂಟೆಯಲ್ಲಿ ಆಕೆಯನ್ನು ಈಜುಕೊಳದ ಬಳಿ ಹುಡುಕಿ ಹಿಡಿದಳು. ಊಹೆ ಸರಿಯಾಗಿತ್ತು. ಆಕೆಗೆ ಸ್ವಂತ ಬೇಕರಿಯಿತ್ತು.

ಒಂಬತ್ತನೇ ಮಹಡಿಯ ಬಾಲ್ಕನಿಯಲ್ಲಿ ಗಾಲಿಕುರ್ಚಿಯ ಮೇಲೆ ಒಬ್ಬ ತಾತ ಕೂತಿದ್ದರು. ಗಡಿಯಾರ ರಿಪೇರಿಯವರು. ಜೊತೆಗೆ ಬಂದಿದ್ದ ಮಗ ಮಧ್ಯಾಹ್ನವೆಲ್ಲ ನಿದ್ದೆ ಹೊಡೆಯುತ್ತಾನೆ, ತನ್ನನ್ನು ಕೆಳಗೆ ಕರೆದೊಯ್ಯುವವರಿಲ್ಲ ಎಂದರು.

"ನಾನು ಬಂದು ಕರ್ಕೊಂಡು ಹೋಗ್ತೀನಿ ತಾತ. ಮೊದಲನೇ ಮೇಜು, ಬಾಗಿಲ ಹತ್ತಿರದ ಸೀಟು. ರೈಲ್ವೆ ಸಿಗ್ನಲ್ ನೋಡ್ಕೊಳ್ಳೋರು ಒಬ್ಬರು ನಿಮ್ಮ ಪಕ್ಕ ಇರ್ತಾರೆ. ಇಬ್ಬರಿಗೂ ನಿಮಿಷದ ಬೆಲೆ ಗೊತ್ತು."

"ಕೈ ಕೊಟ್ಟುಬಿಟ್ಟರೆ?"

"ಟಿಕೆಟ್ ಕೊಟ್ಟ ಮೇಲೆ ನಾನು ಯಾರನ್ನೂ ಬಿಟ್ಟು ಹೋದವಳಲ್ಲ."

ಊಟದ ಹೊತ್ತಿಗೆ ಮೂವತ್ತಾರು ಟಿಕೆಟು ಖರ್ಚಾಗಿದ್ದವು. ದೊಡ್ಡಮ್ಮ ಹೆಸರು ಬರೆದುಕೊಳ್ಳಲಿಲ್ಲ. ಮೂವತ್ತಾರು ಮುಖವೂ ತಲೆಯಲ್ಲಿದೆ ಎಂದಳು. ನನಗೆ ನಂಬಿಕೆಯಿತ್ತು.

ಮೂರೂವರೆಗೆ ಇಬ್ಬರೂ ಒಂಬತ್ತನೇ ಮಹಡಿಗೆ ಹೋದೆವು. ಒಬ್ಬರಾದರೂ ಹಾಲಿನ ಬಾಗಿಲಲ್ಲಿ ಇರಬೇಡವೇ ಎಂದು ನಾನು ಕೇಳಿದೆ. "ಮೂರೂಮುಕ್ಕಾಲು ಅಂದ್ರೂ ಮೂರು ಐವತ್ತೈದಕ್ಕೆ ಮುಂಚೆ ಒಂದು ನರಪಿಳ್ಳೆ ಬರಲ್ಲ. ಕುರ್ಚಿ ತಳ್ಳೋಕೆ ನೀನು ಬೇಕು, ನಡಿ" ಎಂದಳು. ತಾತ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಟಿಕೆಟನ್ನು ಜೇಬಿನಲ್ಲಿ ಕಾಣುವಂತೆ ಇಟ್ಟುಕೊಂಡು ತಯಾರಾಗಿದ್ದರು. ತಡವಾಗಿದ್ದು ಲಿಫ್ಟಿನಿಂದ. ಮೂರು ಸಲ ಬಂದರೂ ತುಂಬಿಕೊಂಡೇ ಬಂತು. ನಾಲ್ಕನೆಯದರಲ್ಲಿ ಗಾಲಿಕುರ್ಚಿಗೆ ಜಾಗ ಸಿಕ್ಕಿತು. ಐದನೇ ಮಹಡಿಗೆ ಇಳಿದಾಗ ನಾಲ್ಕಕ್ಕೆ ಮೂರು ನಿಮಿಷ ಇತ್ತು.

ಸಣ್ಣ ಹಾಲಿನ ಹೊರಗೆ ಕೇಕ್ ಮಾಡುವ ಅಕ್ಕ ಒಬ್ಬರೇ ಬೆಂಚಿನ ಮೇಲೆ ಕೂತಿದ್ದರು. ಒಳಗಿನಿಂದ ಜೋರಾದ ಸಂಗೀತ ಬರುತ್ತಿತ್ತು.

"ಎಲ್ಲಿ ಹೋಗಿದ್ರಿ ನೀವು? ಎಲ್ಲಾ ಬಂದು ವಾಪಸ್ ಹೋದ್ರಲ್ಲ" ಎಂದರು ಆಕೆ.

ದೊಡ್ಡಮ್ಮ ಗಕ್ಕನೆ ನಿಂತಳು. "ಎಲ್ಲಾ ಅಂದ್ರೆ?"

"ಮೂವತ್ತು ಜನವಾದ್ರೂ ಇದ್ರು. ಮೂರೂಮುಕ್ಕಾಲಿಗೆ ಸರಿಯಾಗಿ ಟಿಕೆಟ್ ಹಿಡ್ಕೊಂಡು ಬಂದಿದ್ರು. ಒಳಗೆ ಡ್ಯಾನ್ಸ್ ಕ್ಲಾಸು. ಮಾಸ್ತರು ಬಾಗಿಲು ತೆಗೆದು, ಇಲ್ಲಿ ಕೂಟ ಗೀಟ ಏನೂ ಇಲ್ಲ, ನಾಲ್ಕರ ತನಕ ಹಾಲ್ ನಮ್ಮದೇ ಅಂದ. ಯಾರೋ ತಮಾಷೆ ಮಾಡಿದ್ದಾರೆ ಅಂತ ಹೋಗ್ಬಿಟ್ರು. ಆ ಹಲ್ಲಿನ ಡಾಕ್ಟ್ರಂತೂ ಟಿಕೆಟನ್ನ ಉಂಡೆ ಮಾಡಿ ಎಸೆದ್ರು."

ಅವಳ ದಾರಿಯ ಜನ ಹದಿನೈದು ನಿಮಿಷ ತಡ ಮಾಡುವವರು. ಆ ಜನರಿಗೆ ಸರಿಹೊಂದಿಸಿಕೊಂಡಿದ್ದ ಲೆಕ್ಕ, ಹೇಳಿದ ಹೊತ್ತಿಗೆ ಹೇಳಿದ ಕಡೆ ಬಂದು ನಿಲ್ಲುವ ಈ ಜನರ ಮುಂದೆ ತಲೆಕೆಳಗಾಯಿತು.

ನಾಲ್ಕಾಯಿತು. ಸಂಗೀತ ನಿಂತಿತು. ನೃತ್ಯದವರು ಬೆವರು ಒರೆಸಿಕೊಳ್ಳುತ್ತಾ ಹೊರಗೆ ಹೋದರು. ಒಳಗೆ ಎಂಟು ಖಾಲಿ ಮೇಜು, ಗೋಡೆಯ ಪಕ್ಕ ಚಹಾದ ದೊಡ್ಡ ಪಾತ್ರೆ, ತಟ್ಟೆ ತುಂಬ ಬಿಸ್ಕತ್ತು. ತಾತನನ್ನು ಮೊದಲನೇ ಮೇಜಿಗೆ ಸೇರಿಸಿದೆ. ಕೇಕ್ ಮಾಡುವ ಅಕ್ಕ ಎರಡನೇ ಮೇಜಿನಲ್ಲಿ ಕೂತರು. ಅಷ್ಟರಲ್ಲೇ ಆರು ಜನ ಇಸ್ಪೀಟಿನವರು ಬಂದು ಬಾಗಿಲಲ್ಲಿ ನಿಂತರು. ಅವರ ಯಜಮಾನನಂತಿದ್ದ, ಗಿರಿಜಾ ಮೀಸೆಯ ದಪ್ಪ ಮನುಷ್ಯ ಕೈಯಲ್ಲೇ ಎಲೆ ಕಲಸುತ್ತಾ ಒಳಗೆ ಇಣುಕಿ, "ನಿಧಾನ ಆಗಲಿ ಅಮ್ಮ, ನಮಗೇನೂ ಅವಸರ ಇಲ್ಲ. ಹತ್ತು ನಿಮಿಷ ಕಾಯ್ತೀವಿ" ಎಂದ. ಅವನ ಗುಂಪು ಕಿಸಕ್ಕೆಂದಿತು.

ನಾನು ದೊಡ್ಡಮ್ಮನ ಮುಖ ನೋಡಿದೆ. ಕ್ಯಾಂಟೀನಿನ ಆರು ಜನರ ಮುಂದೆ ನಗುತ್ತಾ ನಿಂತಾಗ ಅವಳು ಹೀಗೇ ಕಂಡಿರಬೇಕು.

ಅವಳು ಬಾಗಿಲು ದಾಟಿ ಹೊರಗೆ ನಡೆದಳು. ಹಾಲಿನ ಎದುರಿಗೇ ಹಡಗಿನ ನಡುವಿನ ದೊಡ್ಡ ಮೆಟ್ಟಿಲಿತ್ತು. ಆ ಜಾಗ ಮೂರನೇ ಮಹಡಿಯಿಂದ ಏಳನೆಯದರವರೆಗೆ ಬಾವಿಯ ಹಾಗೆ ತೆರೆದುಕೊಂಡಿತ್ತು. ಕೆಳಗೆ ಚಹಾದಂಗಡಿ, ಐಸ್‌ಕ್ರೀಮಿನ ಸಾಲು. ಮೇಲೆ ಸುತ್ತಲೂ ಅಂಗಡಿಗಳು, ಸೋಫಾಗಳು. ಅವಳು ಕಟಕಟೆ ಹಿಡಿದು ಬಗ್ಗಿ ನೋಡಿದಳು.

"ಇದ್ದಾರೆ" ಎಂದಳು. "ಗಾಡಿ ಇಲ್ಲ ಅಂದ್ರೆ ಜನ ಎಲ್ಲಿ ಹೋಗ್ತಾರೆ? ಚಹಾಕ್ಕೆ ಹೋಗ್ತಾರೆ. ಹಸಿರು ಟೋಪಿ ಅಲ್ಲಿದೆ ನೋಡು. ಸಿಗ್ನಲ್ ಅಣ್ಣ ಐಸ್‌ಕ್ರೀಮ್ ಸಾಲಲ್ಲಿ. ಹೂವಿನ ಕೊಡೆ ಇಟ್ಕೊಂಡಿದ್ದ ಅಕ್ಕ ಮೇಲಿನ ಸೋಫಾದಲ್ಲಿ."

ಅವಳ ಬಲಗೈ ಹೆಗಲ ಹತ್ತಿರ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದಳು. ಉಸಿರು ಎಳೆದುಕೊಂಡಳು.

"ಐದನೇ ಮಹಡಿ, ಸಣ್ಣ ಹಾಲ್, ನಾಲ್ಕು ಗಂಟೆ ಗಾಡಿ."

ಆ ದನಿಯನ್ನು ನಾನು ಎರಡು ವರ್ಷದಿಂದ ಕೇಳಿರಲಿಲ್ಲ. ಅದು ಕಿರುಚಾಟವಲ್ಲ. ಹೊಟ್ಟೆಯಿಂದ ಎದ್ದು, ಎಂಜಿನಿನ ಸದ್ದನ್ನು ದಾಟಿ, ಕೊನೆಯ ಸೀಟಿನಲ್ಲಿ ತೂಕಡಿಸುವವನನ್ನೂ ಎಬ್ಬಿಸುವಂಥದ್ದು. ಐದೂ ಮಹಡಿಗಳಲ್ಲಿ ತಲೆಗಳು ಎದ್ದವು. ಚಹಾದಂಗಡಿಯವನು ಲೋಟ ಹಿಡಿದು ಹಾಗೇ ನಿಂತ.

"ಹಸಿರು ಟೋಪಿಯ ಡಾಕ್ಟ್ರೇ, ಎರಡನೇ ಮೇಜು, ಎರಡನೇ ಸೀಟು. ನಿಮ್ಮ ಪಕ್ಕದವರು ಬಂದು ಕೂತಾಗಿದೆ. ಟಿಕೆಟ್ ಎಸೆದಿದ್ರೂ ನಡೆಯುತ್ತೆ, ನಿಮ್ಮ ಮುಖ ನನಗೆ ಗೊತ್ತಿದೆ."

ಸುತ್ತಲಿನವರು ನಕ್ಕರು. ಡಾಕ್ಟರು ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಮೆಟ್ಟಿಲ ಕಡೆ ನಡೆದರು.

"ಸಿಗ್ನಲ್ ಅಣ್ಣ, ಐಸ್‌ಕ್ರೀಮ್ ಕೈಯಲ್ಲಿ ಇಟ್ಕೊಂಡೇ ಬನ್ನಿ. ಗಡಿಯಾರದ ತಾತ ಕಾಯ್ತಿದ್ದಾರೆ. ಹೂವಿನ ಕೊಡೆ ಅಕ್ಕ, ಐದನೇ ಮೇಜು. ಟೈಮು ತಪ್ಪು ಬರೆದಿದ್ದು ನಾನು. ಬೈಯೋದಿದ್ರೆ ಒಳಗೆ ಬಂದು ಕೂತು ಬೈಯಿರಿ. ಹೊಸ ಜೋಡಿ, ಕೈ ಬಿಟ್ಟು ಕಾಲು ಹಾಕಿ."

ಒಬ್ಬೊಬ್ಬರನ್ನೇ ಕರೆದಳು. ಯಾರಿಗೂ ಎರಡು ಸಲ ಹೇಳಲಿಲ್ಲ. ಕೆಳಗಿನಿಂದ ಕೆಲವರು ಮೆಟ್ಟಿಲು ಹತ್ತಿ ಬಂದರು, ಮೇಲಿನಿಂದ ಕೆಲವರು ಇಳಿದು ಬಂದರು. ಹೂವಿನ ಕೊಡೆಯಾಕೆ ಓಡಿಯೇ ಬಂದರು. ಟಿಕೆಟಿಲ್ಲದ ಒಬ್ಬಾತ, "ನಮಗಿಲ್ವಾ ಸೀಟು?" ಎಂದು ಮೂರನೇ ಮಹಡಿಯಿಂದ ಕೂಗಿದ. "ಬನ್ನಿ, ಹತ್ತಿದ ಮೇಲೆ ನೋಡೋಣ" ಎಂದಳು ದೊಡ್ಡಮ್ಮ. ನಾನು ಬಾಗಿಲಲ್ಲಿ ನಿಂತು ಮೇಜು ತೋರಿಸುತ್ತಿದ್ದೆ. ಇಸ್ಪೀಟಿನವರು ಗೋಡೆಗೆ ಒತ್ತಿಕೊಂಡು ದಾರಿ ಬಿಡಬೇಕಾಯಿತು.

ನಾಲ್ಕೂಹತ್ತಕ್ಕೆ ಕೌಂಟರಿನ ಹುಡುಗಿ ಬಂದಳು. ಬಾಗಿಲಲ್ಲಿ ನಿಂತು ಬೆರಳು ಆಡಿಸುತ್ತಾ ಎಣಿಸತೊಡಗಿದಳು. ದೊಡ್ಡಮ್ಮ ಅವಳ ಪಕ್ಕ ಕೈಕಟ್ಟಿ ನಿಂತಳು. ಅವಳ ತುಟಿ ಅಲುಗುತ್ತಿರಲಿಲ್ಲ. ಲೆಕ್ಕ ಅವಳಿಗೆ ಮೊದಲೇ ಗೊತ್ತಿತ್ತು.

"ಮೂವತ್ನಾಲ್ಕು" ಎಂದಳು ಹುಡುಗಿ. ಒಮ್ಮೆ ಪಟ್ಟಿ ನೋಡಿ, ಒಮ್ಮೆ ಹಾಲನ್ನು ನೋಡಿ, "ಹಾಲ್ ನಿಮ್ಮದು ಮೇಡಂ. ನಾನು ಹತ್ತು ಜನಾನೂ ಬರಲ್ಲ ಅಂದ್ಕೊಂಡಿದ್ದೆ" ಎಂದಳು.

"ನಾನೂ ಅಂದ್ಕೊಂಡಿದ್ದೆ ಕಣಮ್ಮ" ಎಂದಳು ದೊಡ್ಡಮ್ಮ.

ಗಿರಿಜಾ ಮೀಸೆಯವನು ಎಲೆಗಳನ್ನು ಜೇಬಿಗೆ ಸೇರಿಸಿ ತನ್ನವರಿಗೆ, "ನಡೀರಪ್ಪ, ಇವತ್ತೂ ಇಲ್ಲ" ಎಂದ.

"ಎಲ್ಲಿಗೆ ಹೊರಟ್ರಿ?" ದೊಡ್ಡಮ್ಮ ಅಡ್ಡ ನಿಂತಳು. "ಇನ್ನೂ ಆರು ಕುರ್ಚಿ ಖಾಲಿ ಇವೆ. ನೀವೂ ಆರು ಜನ."

"ನಮ್ಮ ಹತ್ರ ಟಿಕೆಟಿಲ್ವಲ್ಲ."

ಅವಳು ಸೊಂಟದಿಂದ ಪ್ಯಾಡು ತೆಗೆದು ಅಲ್ಲೇ ಆರು ಚೀಟಿ ಹರಿದಳು. ಆದರೆ ಆರು ಜನರನ್ನು ಒಂದೇ ಕಡೆ ಕೂರಿಸಲಿಲ್ಲ, ಬೇರೆ ಬೇರೆ ಮೇಜಿಗೆ ಹಂಚಿದಳು. "ಒಟ್ಟಿಗೆ ಕೂರಿಸಿದ್ರೆ ನೀವು ಎಲೆ ತೆಗೀತೀರಿ" ಎಂದಳು. ಅವನು ಮೀಸೆಯಡಿಯಲ್ಲೇ ನಗುತ್ತಾ ಒಂದನೇ ಮೇಜಿಗೆ, ಗಡಿಯಾರದ ತಾತನ ಎದುರಿಗೆ ಹೋಗಿ ಕೂತ.

ಭಾಷಣ ಎಂಬುದಿರಲಿಲ್ಲ. ಹುಡುಗಿ ಮೈಕು ಕೊಡಲು ಬಂದರೆ ದೊಡ್ಡಮ್ಮ, "ಇದೆಲ್ಲ ಯಾಕೆ" ಎಂದು ಬದಿಗಿಟ್ಟಳು. ನಡುವೆ ನಿಂತು ಹೇಳಿದಳು, "ನಿಮ್ಮ ಬಲಗಡೆ ಕೂತವರು ಏನು ಕೆಲಸ ಮಾಡ್ತಾರೆ, ಅದರಲ್ಲಿ ಅವರಿಗೆ ಯಾವುದು ಕಷ್ಟ, ಕೇಳಿ ತಿಳ್ಕೊಳ್ಳಿ. ಐದು ನಿಮಿಷ ಆದ್ಮೇಲೆ ನಾನು ಬಂದು ಕೇಳ್ತೀನಿ. ತಪ್ಪು ಹೇಳಿದವರಿಗೆ ಬಿಸ್ಕತ್ತಿಲ್ಲ."

ಮೊದಲ ನಿಮಿಷ ಪಿಸುಮಾತು. ಎರಡನೆಯ ನಿಮಿಷಕ್ಕೆ ಎರಡನೇ ಮೇಜಿನಲ್ಲಿ ಕೇಕ್ ಮಾಡುವ ಅಕ್ಕ ಡಾಕ್ಟರಿಗೆ, "ಸಕ್ಕರೆ ಬಿಟ್ಟು ಕೇಕ್ ಮಾಡಿ ಅಂತೀರಲ್ಲ, ನೀವು ನೋವು ಬಿಟ್ಟು ಹಲ್ಲು ಕೀಳ್ತೀರಾ?" ಎಂದರು. ಆ ಮೇಜು ಘೊಳ್ಳೆಂದಿತು. ಅಲ್ಲಿಂದ ಮುಂದೆ ಒಂದೊಂದೇ ಮೇಜು ಹೊತ್ತಿಕೊಂಡಿತು. ರೈಲಿನ ಸಿಗ್ನಲ್ ಅಣ್ಣ ತನ್ನ ಕೈಗಡಿಯಾರವನ್ನು ಬಿಚ್ಚಿ ತಾತನಿಗೆ ಕೊಟ್ಟಿದ್ದ. ತಾತ ಅದನ್ನು ಕಿವಿಗಿಟ್ಟುಕೊಂಡು, "ದಿನಕ್ಕೆ ನಾಲ್ಕು ಸೆಕೆಂಡು ಹಿಂದೆ ಬೀಳ್ತಿದೆ" ಎಂದರು. "ಹೌದು, ಹೌದು" ಎಂದು ಸಿಗ್ನಲ್ ಅಣ್ಣ ಕುರ್ಚಿಯಿಂದ ಅರ್ಧ ಎದ್ದುಬಿಟ್ಟ. ಮೀಸೆಯವನು ಆಳವಾದ ಬಾವಿ ತೋಡುವ ಕೆಲಸದವನಂತೆ. ನೆಲದಡಿಯ ಕತ್ತಲಲ್ಲಿ ಹೊತ್ತು ಹೇಗೆ ತಿಳಿಯುತ್ತದೆ ಎಂದು ತಾತ ಕೇಳಿದ ಪ್ರಶ್ನೆಗೆ ಅವನು ಉತ್ತರಿಸುತ್ತಲೇ ಇದ್ದ.

ಮೆಟ್ಟಿಲ ಬಳಿ ಕೂಗು ಕೇಳಿದವರು, ನಗು ಕೇಳಿದವರು ಇಣುಕುತ್ತಾ ಒಳಗೆ ಬರುತ್ತಲೇ ಇದ್ದರು. ನಾಲ್ಕೂವರೆಗೆ ನಾನು ಎಣಿಸಿದಾಗ ನಲವತ್ತೇಳು ಜನ. ಕುರ್ಚಿ ಮುಗಿದು, ಕಿಟಕಿಯ ಕಟ್ಟೆಯ ಬಳಿಯೂ ಚಹಾದ ಮೇಜಿನ ಪಕ್ಕವೂ ಜನ ನಿಂತಿದ್ದರು. ದೊಡ್ಡಮ್ಮ ಅವರ ನಡುವೆ ಮೈ ಓರೆಮಾಡಿ ನುಸುಳಿಕೊಂಡು, ಯಾರ ಚಹಾವೂ ಚೆಲ್ಲದಂತೆ ಆ ಕಡೆಯಿಂದ ಈ ಕಡೆಗೆ ಹೋಗಿ ಬರುತ್ತಿದ್ದಳು. ಹಡಗು ಸ್ವಲ್ಪ ಹೊಯ್ದಾಡಿದಾಗ ಎಲ್ಲರೂ ಏನನ್ನಾದರೂ ಹಿಡಿದುಕೊಂಡರು. ಅವಳೊಬ್ಬಳು ಏನನ್ನೂ ಹಿಡಿಯಲಿಲ್ಲ.

ಐದಕ್ಕೆ ಕೌಂಟರಿನ ಹುಡುಗಿ ಮತ್ತೆ ಬಂದು, "ಟೈಮ್ ಆಯ್ತು ಮೇಡಂ" ಎಂದಳು. ಯಾರೂ ಏಳಲಿಲ್ಲ. ಮೀಸೆಯವನೇ, "ಮುಂದಿನವರು ಯಾರಮ್ಮ ಈ ಹಾಲಿಗೆ?" ಎಂದು ಕೇಳಿದ.

"ಯಾರೂ ಇಲ್ಲ. ನಿಮ್ಮ ಹೆಸರೇ ಇತ್ತು."

"ಹಾಗಾದ್ರೆ ನಾವು ಕೂತಾಗಿದೆ. ಇನ್ನೊಂದು ಗಂಟೆ ಬರ್ಕೋ. ಚಹಾನೂ ತರಿಸು."

ಹುಡುಗಿ ನಗುತ್ತಾ ಬರೆದುಕೊಂಡಳು. ಆಗ ಗಡಿಯಾರದ ತಾತ ಬೆರಳಿನಿಂದ ಮೇಜು ಕುಟ್ಟಿ ಎಲ್ಲರನ್ನೂ ಸುಮ್ಮನಾಗಿಸಿದರು. "ಎಲ್ಲರ ಕೆಲಸಾನೂ ಕೇಳಿದ್ದಾಯ್ತು. ನಮ್ಮನ್ನೆಲ್ಲ ಹಿಡ್ಕೊಂಡು ಬಂದ ಈ ತಾಯಿ ಏನು ಮಾಡ್ತಿದ್ರು ಅಂತ ಯಾರಾದ್ರೂ ಕೇಳಿದ್ರಾ?"

"ಕಂಡಕ್ಟರ್ ಅಲ್ದೆ ಇನ್ನೇನು ತಾತ? ಆ ಗಂಟಲು ಕೇಳಿದ ಮೇಲೂ ಅನುಮಾನವಾ?" ಎಂದರು ಹಲ್ಲಿನ ಡಾಕ್ಟರು.

"ಅದು ಎಲ್ಲರಿಗೂ ಗೊತ್ತಾಯ್ತು. ಎಷ್ಟು ವರ್ಷ, ಯಾವ ದಾರಿ, ಯಾವುದು ಕಷ್ಟ, ಅದು ಬೇಕು ನಮಗೆ. ಕೂತ್ಕೊಳ್ಳಿ ತಾಯಿ. ಬಂದಾಗಿನಿಂದ ನಿಂತೇ ಇದ್ದೀರಿ."

ಕೂರಲು ಜಾಗವಿರಲಿಲ್ಲ. ಒಟ್ಟಿಗೆ ನಾಲ್ಕೈದು ಜನ ಎದ್ದರು. ದೊಡ್ಡಮ್ಮ ಸುತ್ತಲೂ ನೋಡಿದಳು. ಬಾಗಿಲಿನಿಂದ ಕಿಟಕಿಯವರೆಗೆ ಎಲ್ಲ ಮುಖಗಳೂ ಅವಳ ಕಡೆಗೇ ತಿರುಗಿದ್ದವು. ಅವಳು ಕೇಕ್ ಮಾಡುವ ಅಕ್ಕನಿಗೂ ಡಾಕ್ಟರಿಗೂ ನಡುವೆ, "ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ" ಎಂದು ಕುರ್ಚಿ ಜರುಗಿಸಿಕೊಂಡು ಕೂತಳು. ಯಾರೋ ಕೈಗೆ ಚಹಾ ಕೊಟ್ಟರು. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

"ಕಷ್ಟ ಅಂದ್ರೆ ಮೊದಲನೇ ದಿನದಿಂದಲೇ ಶುರು ಮಾಡ್ಬೇಕು" ಎಂದಳು. "ಬೇಗ ಮುಗಿಯಲ್ಲ, ನೋಡಿ."

"ಮುಗಿಯೋದು ಬೇಡ" ಎಂದ ಮೀಸೆಯವನು, ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು.